ಕೆಜಿಎಫ್ ದಿಬ್ಬ, ಕಾರ್ನ್‌ವಾಲ್ ಗೋಡೆ

ಕೆಜಿಎಫ್‌ನ ಸಯನೈಡ್ ದಿಬ್ಬಗಳನ್ನು ನೋಡಿದವರು ಕೇಳುವ ಮೊದಲ ಪ್ರಶ್ನೆ: ಮರಳಿಗೆ ಇಷ್ಟು ಬರ ಇರುವಾಗ ಇದನ್ನೇ ಕಾಂಕ್ರೀಟಿಗೆ ಹಾಕಬಾರದೇ? ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ ಅಲ್ಲಿ 3 ಕೋಟಿ ಟನ್‌ಗೂ ಹೆಚ್ಚು ಬಿದ್ದಿದೆ. ಗಾಳಿ ಬೀಸಿದರೆ ಮನೆಯೊಳಗೇ ಬರುತ್ತದೆ.

ಪ್ರಶ್ನೆ ಸರಿಯೇ. ಆದರೆ ಇದೇ ಕೆಲಸವನ್ನು ನೂರು ವರ್ಷದ ಹಿಂದೆ ಮಾಡಿ ನೋಡಿದ ಊರೊಂದಿದೆ. ಅದಕ್ಕೂ ಕೆಜಿಎಫ್‌ಗೂ ನಂಟಿದೆ.

ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ತವರ ಮತ್ತು ತಾಮ್ರದ ಗಣಿಗಳ ನಾಡು. 1866ರ ಸುಮಾರಿಗೆ ತಾಮ್ರದ ಬೆಲೆ ಕುಸಿದು ಗಣಿಗಳು ಮುಚ್ಚತೊಡಗಿದವು, ಕೆಲಸಗಾರರು ದೇಶ ಬಿಟ್ಟು ಹೊರಟರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಬಂದಾಗ ಜೊತೆಗೆ ಬಂದವರಲ್ಲಿ ಈ ಕಾರ್ನ್‌ವಾಲ್ ಗಣಿಗಾರರೂ ಇದ್ದರು.

ಅವರು ಬಿಟ್ಟುಬಂದ ಊರಲ್ಲಿ ಗಣಿಕಸದ ಗುಡ್ಡೆಗಳು ಹಾಗೇ ಉಳಿದವು. 1900ರ ನಂತರ ಸಿಮೆಂಟ್ ಬ್ಲಾಕ್ ಬಳಕೆ ಹೆಚ್ಚಿತು. ಜಲ್ಲಿ ದೂರದಿಂದ ತರಬೇಕು, ಕಸ ಮನೆ ಪಕ್ಕದಲ್ಲೇ ಇದೆ, ಅದೂ ಪುಕ್ಕಟೆ. ಅದನ್ನೇ ಸಿಮೆಂಟಿಗೆ ಬೆರೆಸಿ ಬ್ಲಾಕ್ ಎರೆದು, 1950ರ ಸುಮಾರಿನವರೆಗೂ ಮನೆ ಕಟ್ಟಿದರು. ಬಡವರಿಗೆ ಅದೊಂದು ವರವೇ ಆಗಿತ್ತು, ಸುಳ್ಳಲ್ಲ.

ತೊಂದರೆ ಕಸದೊಳಗೇ ಇತ್ತು. ಕಬ್ಬಿಣ ಮತ್ತು ಗಂಧಕ ಸೇರಿದ, ಹಳದಿಯಾಗಿ ಮಿನುಗುವ ಪೈರೈಟ್ ಎಂಬ ಖನಿಜ. ಕಾರ್ನ್‌ವಾಲ್ ಗಣಿಗಾರರು ಅದನ್ನು 'ಮಂಡಿಕ್' ಎನ್ನುತ್ತಿದ್ದರು. ನೆಲದಾಳದಲ್ಲಿ ಅದು ಸುಮ್ಮನಿರುತ್ತದೆ. ಪುಡಿಯಾಗಿ ಗೋಡೆ ಸೇರಿ, ಗಾಳಿಯೂ ತೇವವೂ ತಗುಲಿದರೆ ಗಂಧಕಾಮ್ಲ ಹುಟ್ಟುತ್ತದೆ. ಆಮ್ಲ ಸಿಮೆಂಟನ್ನು ತಿನ್ನುತ್ತದೆ, ಹೊಸದಾಗಿ ಹುಟ್ಟಿದ ಲವಣಗಳು ಉಬ್ಬಿ ಬ್ಲಾಕ್ ಬಿರುಕು ಬಿಡುತ್ತದೆ. ಇದಕ್ಕೆ ದಶಕಗಳೇ ಹಿಡಿಯುವುದರಿಂದ ಕಟ್ಟಿದವನಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮಕ್ಕಳಿಗೆ, ಇಲ್ಲವೇ ಮನೆ ಕೊಂಡವರಿಗೆ.

1980ರ ದಶಕದಲ್ಲಿ ವಿಷಯ ದೊಡ್ಡದಾಯಿತು. ಸಾಲ ಕೊಡುವವರು ಪರೀಕ್ಷೆ ಇಲ್ಲದೆ ಸಾಲವಿಲ್ಲ ಎಂದರು. ಗೋಡೆ ಕೊರೆದು ತೆಗೆದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎ, ಬಿ, ಸಿ ಎಂದು ದರ್ಜೆ ಕೊಡುವ ಪದ್ಧತಿ ಬಂತು. ಸಿ ಬಂದ ಮನೆಗೆ ಸಾಲ ಹುಟ್ಟುವುದು ಕಷ್ಟ, ಕೊಳ್ಳುವವರೂ ಕಷ್ಟ.

ಹಾಗೆಂದು ಗಣಿಕಸವೆಲ್ಲ ಕೆಟ್ಟದ್ದೆನ್ನಬೇಡಿ. ಅದೇ ಕಾರ್ನ್‌ವಾಲ್‌ನಲ್ಲಿ ಪಿಂಗಾಣಿಗೆ ಬಳಸುವ ಬಿಳಿ ಜೇಡಿಮಣ್ಣೂ ಸಿಗುತ್ತದೆ. ಒಂದು ಟನ್ ಜೇಡಿಗೆ ಸುಮಾರು ಒಂಬತ್ತು ಟನ್ ಕಸ. ಅದು ಬಹುಪಾಲು ಬೆಣಚುಕಲ್ಲಿನ ಮರಳು ಮತ್ತು ಗ್ರಾನೈಟ್ ಚೂರು. ಅದರಿಂದ ಮಾಡಿದ ಕಾಂಕ್ರೀಟ್ ಸಾಮಾನ್ಯವಾಗಿ ಗಟ್ಟಿ, ಇಂದಿಗೂ ಬಳಕೆಯಲ್ಲಿದೆ. ಒಂದೇ ಜಿಲ್ಲೆ, ಎರಡು ಕಸ, ಎರಡು ಹಣೆಬರಹ.

ಈಗ ನಮ್ಮ ದಿಬ್ಬಕ್ಕೆ ಬನ್ನಿ. ಕೆಜಿಎಫ್‌ನ ಹೆಸರಾಂತ ಚಾಂಪಿಯನ್ ಲೋಡ್ ಬಹುಪಾಲು ಬೆಣಚುಕಲ್ಲು. ಆದರೆ ಪಶ್ಚಿಮದ ಲೋಡ್‌ಗಳಲ್ಲಿ ಗಂಧಕದ ಖನಿಜಗಳಿವೆ. ಎಲ್ಲವನ್ನೂ ಅರೆದು ಸುರಿದಿದ್ದು ಇದೇ ದಿಬ್ಬಗಳಿಗೆ. ಮೇಲಿಂದ ಸಯನೈಡ್ ಬೇರೆ. ಕಾಂಕ್ರೀಟಿನ ಜಲ್ಲಿ, ಮರಳಿಗೆ ನಮ್ಮ ದೇಶದ ಮಾನಕ ಐಎಸ್ 383. ಅದು 2016ರಲ್ಲಿ ತಾಮ್ರದ ಕಿಟ್ಟ, ಉಕ್ಕಿನ ಕಿಟ್ಟದಂಥವಕ್ಕೂ ಮಿತಿ ಹಾಕಿ ಬಾಗಿಲು ತೆರೆಯಿತು. ಪೈರೈಟ್ ಮಾತ್ರ ಹಾನಿಕಾರಕ ವಸ್ತುಗಳ ಸಾಲಿನಲ್ಲೇ ಇದೆ.

2001ರಲ್ಲಿ ಗಣಿ ಮುಚ್ಚಿತು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ದಿಬ್ಬಗಳಲ್ಲಿ ಮತ್ತೆ ಚಿನ್ನ ಹುಡುಕುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿತು. ಚಿನ್ನ ಸಿಕ್ಕರೂ ಟನ್‌ಗೆ ಗ್ರಾಂ ಲೆಕ್ಕ, ಉಳಿದದ್ದೆಲ್ಲ ಮತ್ತೆ ಕಸವೇ. ಅದನ್ನು ಮನೆ ಕಟ್ಟಲು ಕೊಡುವ ಮಾತು ಬಂದರೆ ಯಾವ ದಿಬ್ಬದ್ದು, ಯಾವ ಪದರದ್ದು, ಗಂಧಕ ಎಷ್ಟಿದೆ ಎಂದು ಗ್ರಾಮಸಭೆಯಲ್ಲೇ ಕೇಳಬಹುದು. ಒಂದು ಬುಟ್ಟಿ ಮಾದರಿಯ ವರದಿ ಸಾಲದು. ಕಾರ್ನ್‌ವಾಲ್‌ನಲ್ಲಿ ಒಂದೇ ಮನೆಯಾದರೂ ಬೇರೆ ಬೇರೆ ಗೋಡೆಗಳನ್ನು ಕೊರೆಯುತ್ತಾರೆ, ಪಕ್ಕದ ಗೋಡೆಯ ಬ್ಲಾಕ್ ಬೇರೆ ಗುಡ್ಡೆಯದ್ದಾಗಿರಬಹುದು ಎಂದು.