ಇಂಗ್ಲೆಂಡಿನ ಶಾಲೆಗಳಲ್ಲಿ ಅನ್ನ ಮತ್ತು ಅಕ್ಷರ

ಶಾಲೆಯೊಂದರ ಯೋಗ್ಯತೆಯನ್ನು ಅಳೆಯುವಾಗ ನಾವು ಕಟ್ಟಡವನ್ನೂ ಪರೀಕ್ಷೆಯ ಫಲಿತಾಂಶವನ್ನೂ ನೋಡುವುದು ವಾಡಿಕೆ. ಮಕ್ಕಳು ಉಂಡು ಬಂದಿದ್ದಾರೆಯೇ, ಒಬ್ಬ ಉಪಾಧ್ಯಾಯರ ಮುಂದೆ ಎಷ್ಟು ಮಕ್ಕಳು ಕುಳಿತಿದ್ದಾರೆ ಎಂದು ಕೇಳುವುದು ವಿರಳ. ಇಂಗ್ಲೆಂಡು ಈ ಎರಡು ಪ್ರಶ್ನೆಗಳಿಗೆ ಕಾನೂನಿನ ಮೂಲಕ ಉತ್ತರ ಅರಸಿದ ಚರಿತ್ರೆಯು ಮನನಯೋಗ್ಯವಾಗಿದೆ.

ಅಲ್ಲಿ 1880ರಲ್ಲಿ ಶಾಲೆಗೆ ಹಾಜರಾಗುವುದು ಕಡ್ಡಾಯವಾಯಿತು. ಬಡವರ ಮಕ್ಕಳು ಬಂದರು; ಅವರೊಡನೆ ಹಸಿವೂ ಬಂದಿತು. 1902ರ ಶಿಕ್ಷಣ ಕಾಯಿದೆಯು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳನ್ನು ಸ್ಥಾಪಿಸಿ, ಕಥೋಲಿಕರವೂ ಸೇರಿದಂತೆ ಧಾರ್ಮಿಕ ಸಂಸ್ಥೆಗಳ ಶಾಲೆಗಳ ನಿತ್ಯದ ವೆಚ್ಚವನ್ನು ಸ್ಥಳೀಯ ತೆರಿಗೆಯಿಂದ ಭರಿಸುವಂತೆ ಮಾಡಿತು. ಆದರೆ ಮಕ್ಕಳ ಊಟ ಇನ್ನೂ ದಾನಿಗಳ ಕೃಪೆಗೇ ಬಿಟ್ಟ ವಿಷಯವಾಗಿತ್ತು.

1906ರ ಕಾಯಿದೆಯು ಪ್ರಾಧಿಕಾರಗಳು ಊಟವನ್ನು 'ಒದಗಿಸಬಹುದು' ಎಂದಿತು. ಮರುವರ್ಷ ಬ್ರಾಡ್‌ಫರ್ಡ್ ನಗರದಲ್ಲಿ ವೈದ್ಯ ರಾಲ್ಫ್ ಕ್ರೌಲಿಯವರು ಸುಮಾರು 40 ಮಕ್ಕಳಿಗೆ ಬೆಳಗಿನ ಓಟ್ಸ್ ಗಂಜಿಯನ್ನೂ ಮಧ್ಯಾಹ್ನದ ಊಟವನ್ನೂ ಕೊಡಿಸಿ, ಅವರ ತೂಕವನ್ನು ಬರೆದಿಡಿಸಿದರು. ಉಣಿಸಿದ ವಾರಗಳಲ್ಲಿ ತೂಕ ಏರಿತು. ನಡುವೆ ಪೆಂತೆಕೋಸ್ತ ಹಬ್ಬದ ರಜೆ ಬಂದಾಗ ಇಳಿಯಿತು. ಯಾವ ಭಾಷಣವೂ ಬೇಕಾಗದಷ್ಟು ಸ್ಪಷ್ಟವಾದ ಸಾಕ್ಷ್ಯವಿದು! ಆದರೂ 'ಬಹುದು' ಎಂಬ ಪದದ ಆಸರೆಯಲ್ಲಿ ಅನೇಕ ಪ್ರಾಧಿಕಾರಗಳು ಸುಮ್ಮನಿದ್ದವು. ಒಂದು ಊರಿನ ಮಗುವಿಗೆ ಊಟ, ಪಕ್ಕದ ಊರಿನ ಮಗುವಿಗೆ ಉಪವಾಸ. 1944ರ ಕಾಯಿದೆ ಬಂದ ಬಳಿಕವೇ ಅದು 'ಒದಗಿಸತಕ್ಕದ್ದು' ಎಂದಾಯಿತು.

ಉಂಡ ಮಗುವಿಗೆ ಕಲಿಸುವವರೂ ಬೇಕಷ್ಟೆ. ಯುದ್ಧಾನಂತರದ ನಿಯಮಗಳು ಪ್ರಾಥಮಿಕ ತರಗತಿಗೆ 40, ಪ್ರೌಢ ತರಗತಿಗೆ 30 ಮಕ್ಕಳ ಮಿತಿಯನ್ನು ಹಾಕಿದವು. ತುರ್ತು ತರಬೇತಿಯ ಯೋಜನೆಯಿಂದ ಸುಮಾರು 35,000 ಶಿಕ್ಷಕರು ಸಿದ್ಧರಾದರೂ ಅಭಾವ ನೀಗಲಿಲ್ಲ. ಮಿತಿ ಮೀರಿದ ತರಗತಿಗಳು ಬಹುಕಾಲ ಉಳಿದವು. ಪ್ರಾಧಿಕಾರಗಳು ಪ್ರಕಟಿಸುವ ಅನುಪಾತದ ಅಂಕಿಯೂ ಪೂರ್ಣಸತ್ಯವನ್ನು ಹೇಳದು. ತರಗತಿಗೆ ಹೋಗದ ಮುಖ್ಯೋಪಾಧ್ಯಾಯರೂ ಆ ಲೆಕ್ಕದಲ್ಲಿ ಸೇರುವರು. ಆದ್ದರಿಂದ ಕಾಗದದ ಮೇಲಿನ ಸಂಖ್ಯೆಗಿಂತ ಕೊಠಡಿಯೊಳಗಿನ ಸಂಖ್ಯೆ ಹೆಚ್ಚಾಗಿರುವುದು ಸಹಜ.

1980ರಲ್ಲಿ ಚರಿತ್ರೆ ಹಿಮ್ಮುಖವಾಯಿತು. ಸರಕಾರಿ ನೆರವು ಪಡೆಯುವ ಕಡುಬಡ ಕುಟುಂಬಗಳ ಮಕ್ಕಳ ಹೊರತು ಉಳಿದವರಿಗೆ ಊಟ ಒದಗಿಸುವ ಹೊಣೆಯನ್ನು ಕಾನೂನು ತೆಗೆದುಹಾಕಿತು. ಪೌಷ್ಟಿಕತೆಯ ಮಾನದಂಡವೂ ಹೋಯಿತು. 'ತಕ್ಕದ್ದು' ಪುನಃ 'ಬಹುದು' ಆಯಿತು. ಮಾನದಂಡಗಳು ಮರಳಲು 2001ರವರೆಗೆ ಕಾಯಬೇಕಾಯಿತು. ಐದರಿಂದ ಏಳು ವರ್ಷದ ಮಕ್ಕಳ ತರಗತಿಯಲ್ಲಿ 30ಕ್ಕಿಂತ ಹೆಚ್ಚು ಮಂದಿ ಇರಬಾರದೆಂದು 1998ರ ಕಾಯಿದೆ ವಿಧಿಸಿತು. 2014ರಿಂದ ಶಾಲೆಯ ಮೊದಲ ಮೂರು ವರ್ಷಗಳ ಎಲ್ಲ ಮಕ್ಕಳಿಗೂ ಉಚಿತ ಊಟ ದೊರೆಯಿತು.

ಇದರಿಂದ ನಾವು ಕಲಿಯಬೇಕಾದುದೇನು? ದಾನವು ಶ್ರೇಷ್ಠವೇ, ಆದರೆ ದಾನಿಯ ಮನಸ್ಸು ಬದಲಾದ ದಿನ ಮಗು ಹಸಿಯುತ್ತದೆ. ಕರ್ತವ್ಯವೆಂದು ಒಪ್ಪಿ ಬರೆದಿಟ್ಟದ್ದು ಮಾತ್ರ ನಾಳೆಯೂ ಉಣಿಸುತ್ತದೆ. ಅದನ್ನೂ ಅಳಿಸಿಹಾಕಬಹುದೆಂದು 1980 ತೋರಿಸಿಕೊಟ್ಟಿದೆ. ಆದುದರಿಂದ ಮಕ್ಕಳ ತಟ್ಟೆಯನ್ನೂ ತರಗತಿಯ ತಲೆಯೆಣಿಕೆಯನ್ನೂ ಪ್ರತಿ ತಲೆಮಾರಿನವರು ಎಚ್ಚರದಿಂದ ನೋಡಿಕೊಳ್ಳಬೇಕು. ಇಪ್ಪತ್ತೈದು ಮಕ್ಕಳ ಹೆಸರನ್ನೂ ಹಸಿವನ್ನೂ ಒಬ್ಬ ಉಪಾಧ್ಯಾಯರು ಅರಿಯಬಲ್ಲರು. ಅರವತ್ತು ಮಕ್ಕಳದ್ದನ್ನು ಅರಿಯುವುದು ಯಾರಿಂದ ಸಾಧ್ಯ?