ಗಾಲ್ಫ್ ಆಟಗಾರರು ಭಾರ ಎತ್ತಬಾರದೆಂದಿದ್ದ ಕಾಲ

ಗಾಲ್ಫ್ ಆಟವನ್ನು ನೀವು ಕಿರುತೆರೆಯಲ್ಲಿ ನೋಡಿರಬಹುದು. ವಿಶಾಲವಾದ ಹುಲ್ಲುಹಾಸು, ಆತುರವಿಲ್ಲದೆ ನಡೆಯುವ ಆಟಗಾರರು, ಸದ್ದು ಮಾಡದ ಪ್ರೇಕ್ಷಕರು. ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಈ ಆಟಕ್ಕೊಂದು ಕ್ಲಬ್ ಹುಟ್ಟಿಕೊಂಡಿತಾದರೂ ನಮ್ಮಲ್ಲಿ ಬಹುಮಂದಿಗೆ ಇದು ದೂರದ ಆಟವೇ. ಇಂಥ ಆಟಕ್ಕೆ ದೇಹಬಲ ಏಕೆ ಬೇಕು ಎಂದು ನೀವು ಕೇಳಬಹುದು. ಗಾಲ್ಫನ್ನು ಅರೆದು ಕುಡಿದವರೂ ಬಹುಕಾಲ ಹೀಗೆಯೇ ಕೇಳುತ್ತಿದ್ದರು. ಅಷ್ಟಕ್ಕೇ ನಿಲ್ಲದೆ, ಭಾರ ಎತ್ತಿದರೆ ಸ್ನಾಯುಗಳು ಬಿಗಿದುಕೊಂಡು ಕೈ ಸಲೀಸಾಗಿ ತಿರುಗದು, ಹೊಡೆತದ ಲಯವೇ ಕೆಟ್ಟುಹೋದೀತು ಎಂದು ಎಚ್ಚರಿಸುತ್ತಲೂ ಇದ್ದರು.

ಈ ಭಯವನ್ನು ಪರೀಕ್ಷೆಗೆ ಒಡ್ಡಿದವರು ಗಾಲ್ಫ್ ಆಟಗಾರರಲ್ಲ. 1940ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ ಭಾರ ಎತ್ತುವವರ ಪ್ರದರ್ಶನವೊಂದು ನಡೆಯಿತು. ಅಲ್ಲಿನ ಶರೀರವಿಜ್ಞಾನದ ಪ್ರಾಧ್ಯಾಪಕ ಪೀಟರ್ ಕಾರ್ಪೊವಿಚ್ ಭಾರ ಎತ್ತುವುದನ್ನು ಒಪ್ಪದವರು. ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದ ಜಾನ್ ಗ್ರಿಮೆಕ್ ಎಂಬ ದೈತ್ಯಕಾಯನನ್ನು ಅವರು ಕೇಳಿದ್ದು ಒಂದೇ: ನಿಮ್ಮ ಬೆನ್ನನ್ನು ನೀವೇ ಕೆರೆದುಕೊಳ್ಳಬಲ್ಲಿರಾ? ಗ್ರಿಮೆಕ್ ಸುಲಭವಾಗಿ ಕೆರೆದುಕೊಂಡು ತೋರಿಸಿದರು. ಕಾಲುಗಳನ್ನು ಎರಡೂ ಕಡೆಗೆ ಚಾಚಿ ನೆಲಕ್ಕೆ ಕುಳಿತೂ ತೋರಿಸಿದರು. ಕಾರ್ಪೊವಿಚ್ ತಮ್ಮ ಅಭಿಪ್ರಾಯ ತಪ್ಪಿರಬಹುದೆಂದು ಯೋಚಿಸಿದರು. ಪ್ರಾಧ್ಯಾಪಕರು ಹೀಗೆ ಯೋಚಿಸುವುದು ಅಪರೂಪವೆಂದು ನಿಮ್ಮಲ್ಲಿ ಕೆಲವರು ನಗಬಹುದು! 1951ರಲ್ಲಿ ಅವರು ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ ಭಾರ ಎತ್ತುವ 300 ಮಂದಿಯನ್ನೂ ಎತ್ತದ 300 ಮಂದಿಯನ್ನೂ ಹೋಲಿಸಲಾಗಿತ್ತು. ತೋಳನ್ನು ವೃತ್ತಾಕಾರವಾಗಿ ತಿರುಗಿಸುವ ವೇಗದಲ್ಲಿ ಮುಂದಿದ್ದವರು ಭಾರ ಎತ್ತುವವರೇ.

ನಮ್ಮ ಗರಡಿಮನೆಯ ಉಸ್ತಾದರಿಗೆ ಇದರಲ್ಲಿ ಹೊಸತೇನೂ ಕಾಣಿಸುತ್ತಿರಲಿಲ್ಲ. ಭಾರವಾದ ಮುದ್ಗರವನ್ನು ಭುಜದ ಹಿಂದೆ ಸುತ್ತಿ ಮುಂದಕ್ಕೆ ತರುವ ಸಾಧನೆಯಲ್ಲಿ ಬಲವೂ ಬೇಕು, ಬಳುಕೂ ಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಈ ಸಾಧನೆಯನ್ನು ತಮ್ಮ ದೇಶಕ್ಕೂ ಕೊಂಡೊಯ್ದಿದ್ದರು.

ಗಾಲ್ಫ್ ಮೈದಾನದಲ್ಲಿ ಈ ನಂಬಿಕೆಗೆ ಬೆನ್ನು ತಿರುಗಿಸಿದವರಲ್ಲಿ ಮೊದಲಿಗರು ಅಮೆರಿಕದ ಫ್ರಾಂಕ್ ಸ್ಟ್ರಾನಹನ್. ಪಂದ್ಯಗಳಿಗೆ ಹೋಗುವಾಗ ಅವರು ಸೂಟ್‌ಕೇಸಿನಲ್ಲಿ ಕಬ್ಬಿಣದ ತೂಕಗಳನ್ನು ತುಂಬಿಕೊಂಡು ಹೋಗುತ್ತಿದ್ದರು. ಅದನ್ನು ಎತ್ತಲಾರದೆ ಹೋಟೆಲಿನ ಹುಡುಗರು ತಿಣುಕಾಡುತ್ತಿದ್ದರಂತೆ. ಸಹ ಆಟಗಾರರಿಗೆ ಇದೊಂದು ತಮಾಷೆ. ಆದರೆ 1948 ಮತ್ತು 1950ರಲ್ಲಿ ಬ್ರಿಟಿಷ್ ಅಮೆಚೂರ್ ಪ್ರಶಸ್ತಿ ಗೆದ್ದವರು ಇದೇ ಸ್ಟ್ರಾನಹನ್.

ಇನ್ನು ಗ್ಯಾರಿ ಪ್ಲೇಯರ್ ಕಥೆಗೆ ಬರೋಣ. 1935ರಲ್ಲಿ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್‌ನಲ್ಲಿ ಜನನ. ತಂದೆ ಚಿನ್ನದ ಗಣಿಯ ಕೆಲಸಗಾರ. ಎಂಟನೆಯ ವಯಸ್ಸಿನಲ್ಲಿ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಣ್ಣ ಇಯಾನ್ ಎರಡನೆಯ ಮಹಾಯುದ್ಧಕ್ಕೆ ಹೊರಟಾಗ, ಜೀವನವಿಡೀ ವ್ಯಾಯಾಮ ಮಾಡುತ್ತೇನೆಂದು ತಮ್ಮನಿಂದ ಮಾತು ತೆಗೆದುಕೊಂಡರು. (ಮುಂದೆ ಬಿಳಿ ಘೇಂಡಾಮೃಗಗಳ ಸಂರಕ್ಷಣೆಗಾಗಿ ಲೋಕಪ್ರಸಿದ್ಧರಾದ ಇಯಾನ್ ಪ್ಲೇಯರ್ ಇವರೇ.) ಹುಡುಗ ಎತ್ತರ ಬೆಳೆಯಲಿಲ್ಲ, ಐದೂವರೆ ಅಡಿಯ ಆಸುಪಾಸು, ಅಷ್ಟೇ. ದೈತ್ಯ ಹೊಡೆತಗಾರರ ನಡುವೆ ನಿಲ್ಲಬೇಕಾದರೆ ಇದ್ದ ದೇಹವನ್ನೇ ಗಟ್ಟಿ ಮಾಡಿಕೊಳ್ಳಬೇಕಿತ್ತು. ಬೆರಳ ತುದಿಗಳ ಮೇಲೆ ದಂಡ, ತೂಕ ಹೊತ್ತು ಬಸ್ಕಿ, ಹೊಟ್ಟೆಯ ವ್ಯಾಯಾಮ: ಒಂದನ್ನೂ ಬಿಡಲಿಲ್ಲ. ಈತ ಬೇಗ ಮುಗಿದುಹೋಗುತ್ತಾನೆ ಎಂದವರಿದ್ದರು. 1965ರಲ್ಲಿ ಯು.ಎಸ್. ಓಪನ್ ಗೆದ್ದು, ನಾಲ್ಕು ಪ್ರಮುಖ ಪ್ರಶಸ್ತಿಗಳನ್ನೂ ಪಡೆದ ಮೂರನೆಯ ಆಟಗಾರರೆನಿಸಿದರು. 1978ರ ಮಾಸ್ಟರ್ಸ್ ಪಂದ್ಯದ ಕೊನೆಯ ದಿನ ಏಳು ಹೊಡೆತ ಹಿಂದಿದ್ದ ಅವರು 64ರಲ್ಲಿ ಸುತ್ತು ಮುಗಿಸಿ ಒಂದು ಹೊಡೆತದಿಂದ ಗೆದ್ದರು. ಆಗ ಅವರಿಗೆ 42 ವರ್ಷ.

ಈ ಬಲ ಎಲ್ಲಿ ಕೆಲಸ ಮಾಡುತ್ತದೆ? ಕೈಯಲ್ಲಿ ಎಂದು ನೀವು ಊಹಿಸಿದ್ದರೆ ಅದು ಪೂರ್ತಿ ಸರಿಯಲ್ಲ. ಕೋಲು ಚೆಂಡಿಗೆ ತಗುಲಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ ಮಾತ್ರ. ಅಷ್ಟರಲ್ಲಿ ಚೆಂಡಿಗೆ ದೊರೆಯುವ ವೇಗ ಪಾದ ನೆಲವನ್ನು ಒತ್ತುವಲ್ಲಿಂದ ಮೊದಲಾಗಿ, ತೊಡೆ, ಪೃಷ್ಠ, ನಡು, ಭುಜಗಳ ಮೂಲಕ ಹಾದು ಕೊನೆಗೆ ಮಣಿಕಟ್ಟಿಗೆ ಬರುತ್ತದೆ. ನಡುವೆ ಒಂದು ಕೊಂಡಿ ಸಡಿಲವಾದರೂ ಅದರ ಹೊರೆ ಕೆಳಬೆನ್ನಿಗೆ ಬೀಳುತ್ತದೆ. ಆದ್ದರಿಂದಲೇ ನಿಲುವು ಮುಖ್ಯ. ನೀವೇ ಪರೀಕ್ಷಿಸಿ ನೋಡಿ: ಒಂದು ನೇರವಾದ ಕೋಲನ್ನು ತಲೆಯ ಹಿಂಭಾಗ, ಬೆನ್ನು, ಬೆನ್ನೆಲುಬಿನ ಬುಡ ಈ ಮೂರಕ್ಕೂ ತಾಗುವಂತೆ ಹಿಡಿದು ನಿಧಾನವಾಗಿ ಮುಂದೆ ಬಾಗಿ. ಕೋಲು ಮೂರು ಕಡೆಯೂ ಅಂಟಿಕೊಂಡೇ ಇದ್ದರೆ ನೀವು ತೊಡೆಯ ಕೀಲಿನಿಂದ ಬಾಗಿದ್ದೀರಿ. ಗಾಲ್ಫ್ ಆಟಗಾರ ನಿಲ್ಲಬೇಕಾದದ್ದು ಹಾಗೆಯೇ. ಒಂದು ಕಡೆ ಬಿಟ್ಟುಕೊಂಡರೆ ಬೆನ್ನು ಗೂನಾಯಿತೆಂದು ತಿಳಿಯಿರಿ. ಈ ಬಾಗುವಿಕೆ ಮೈಗೂಡಿದ ಮೇಲೆ ಬಸ್ಕಿ, ಮೊಣಕೈ ಊರಿ ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿಯುವುದು, ಎದೆಯನ್ನು ಎಡಬಲಕ್ಕೆ ತಿರುಗಿಸುವುದು ಇವೆಲ್ಲ ಬರುತ್ತವೆ. ಕಬ್ಬಿಣದ ತೂಕಕ್ಕೆ ಅವಸರ ಬೇಡ. ಅದನ್ನು ಕಲಿಸುವವರ ಎದುರಿನಲ್ಲೇ ಎತ್ತಬೇಕು.

1997ರಲ್ಲಿ ಟೈಗರ್ ವುಡ್ಸ್ ಮಾಸ್ಟರ್ಸ್ ಪಂದ್ಯವನ್ನು 12 ಹೊಡೆತಗಳ ಅಂತರದಿಂದ ಗೆದ್ದರು. ಆಮೇಲಿನ ವರ್ಷಗಳಲ್ಲಿ ಅವರನ್ನು ನೋಡಿ ವ್ಯಾಯಾಮಶಾಲೆಯತ್ತ ನಡೆದ ಆಟಗಾರರಿಗೆ ಲೆಕ್ಕವಿಲ್ಲ. ಮುಂದೆ ಅವರ ಮೊಣಕಾಲು, ಬೆನ್ನುಗಳಿಗೆ ಹಲವು ಶಸ್ತ್ರಚಿಕಿತ್ಸೆಗಳಾದವು. ಅತಿಯಾದ ಕಸರತ್ತೂ ಅದಕ್ಕೆ ಕಾರಣವೇ ಎಂಬ ವಾದ ಮುಗಿದಿಲ್ಲ. ಬೆನ್ನೆಲುಬಿನ ಮೂಳೆಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯಾದ ಎರಡು ವರ್ಷಗಳ ನಂತರ, 2019ರಲ್ಲಿ, ಅದೇ ಮಾಸ್ಟರ್ಸ್ ಅನ್ನು ಅವರು ಮತ್ತೆ ಗೆದ್ದದ್ದೂ ನಿಜ.

ಬಲವೇ ಎಲ್ಲವೂ ಎಂದು ವಾದಿಸುವವರಿಗೆ ನಮ್ಮ ಬೆಂಗಳೂರಿನ ಹುಡುಗಿಯ ಆಟವನ್ನು ತೋರಿಸಬೇಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದಿತಿ ಅಶೋಕ್ ಅವರ ಚೆಂಡು ಎದುರಾಳಿಗಳಷ್ಟು ದೂರ ಹೋಗುತ್ತಿರಲಿಲ್ಲ. ಗುಳಿಯ ಹತ್ತಿರದ ನಯವಾದ ಹೊಡೆತಗಳಿಂದಲೇ ಅವರು ನಾಲ್ಕು ದಿನವೂ ಪದಕದ ಹತ್ತಿರ ಉಳಿದು, ಕೊನೆಗೆ ಒಂದೇ ಒಂದು ಹೊಡೆತದಿಂದ ಅದನ್ನು ಕಳೆದುಕೊಂಡು ನಾಲ್ಕನೆಯವರಾದರು.