ಕಾಫಿ ಕೋಣೆಯ ಬಾಗಿಲಲ್ಲಿ ತಡೆದ ಸವಾರಿ

1898ರ ಅಕ್ಟೋಬರ್ 27. ಇಂಗ್ಲೆಂಡಿನ ಸರ್ರೆ ಕೌಂಟಿಯ ಆಕಮ್ ಎಂಬ ಹಳ್ಳಿ. ಅಲ್ಲಿನ 'ಹೋಬಾಯ್' ಹೋಟೆಲಿನ ಮುಂದೆ ಐವತ್ತು ದಾಟಿದ ಮಹಿಳೆಯೊಬ್ಬರು ಸೈಕಲ್ಲಿನಿಂದ ಇಳಿದರು. ಅವರು ಲೇಡಿ ಹಾರ್ಬರ್ಟನ್, ಶ್ರೀಮಂತ ಮನೆತನದ ವೈಕೌಂಟ್ ಒಬ್ಬರ ಪತ್ನಿ. ಊಟಕ್ಕೆಂದು ಒಳಗೆ ಹೋದ ಅವರನ್ನು ಹೋಟೆಲಿನ ಮಾಲಕಿ 'ಕಾಫಿ ರೂಮ್' ಬಾಗಿಲಲ್ಲೇ ತಡೆದರು. ಅವರು ತೊಟ್ಟಿದ್ದ ಉಡುಪೇ ಅದಕ್ಕೆ ಕಾರಣ. ನೆಲಕ್ಕೆ ತಾಗುವ ಲಂಗದ ಬದಲು ಅವರು ಮಂಡಿಯ ಕೆಳಗೆ ಬಿಗಿದುಕೊಳ್ಳುವ ದೊಗಳೆ ಚಲ್ಲಣ ಧರಿಸಿದ್ದರು. ಬೇಕಿದ್ದರೆ ಬಾರಿಗೆ ಸೇರಿದ ಪಕ್ಕದ ಕೋಣೆಯಲ್ಲಿ ಊಟ ಮಾಡಬಹುದು ಎಂಬ ಉತ್ತರ ಬಂತು. ಮದ್ಯ, ತಂಬಾಕಿನ ವಾಸನೆಯ ಆ ಕೋಣೆ ಒಪ್ಪಿಗೆಯಾಗದೆ ಹಾರ್ಬರ್ಟನ್ ಹಸಿದೇ ಹೊರಟರು. ಸಂಗತಿ ನ್ಯಾಯಾಲಯದ ಮೆಟ್ಟಿಲೇರಿತು.

ಹೆಸರಿಗೆ ಕಾಫಿ ರೂಮ್ ಆದರೂ ಅದು ಕಾಫಿಗೆ ಮಾತ್ರ ಮೀಸಲಾದ ಕೋಣೆಯಲ್ಲ. ಮರ್ಯಾದಸ್ಥರೆನಿಸಿಕೊಂಡ ಪ್ರಯಾಣಿಕರು ಕುಳಿತು ಊಟ, ತಿಂಡಿ ಮಾಡುತ್ತಿದ್ದ ಜಾಗ ಅದು. ಅಲ್ಲಿ ಕೂರಲು ಯಾರು ಯೋಗ್ಯರು ಎಂಬ ಪ್ರಶ್ನೆಯನ್ನು ಎಬ್ಬಿಸಿದ್ದು ಸೈಕಲ್.

ರೈಲು ಕಸಿದದ್ದು, ಸೈಕಲ್ ತಂದದ್ದು

ಲಂಡನ್ನಿನಿಂದ ಪೋರ್ಟ್ಸ್‌ಮತ್ ಬಂದರಿಗೆ ಹೋಗುವ ಹಳೆಯ ರಸ್ತೆ ಸರ್ರೆಯನ್ನು ಹಾದು ಹೋಗುತ್ತದೆ. ಒಂದು ಕಾಲದಲ್ಲಿ ಕುದುರೆ ಕೋಚುಗಳಿಂದ ಗಿಜಿಗುಡುತ್ತಿದ್ದ ಈ ದಾರಿ, ರೈಲು ಬಂದ ಮೇಲೆ ಭಣಗುಟ್ಟತೊಡಗಿತು. ದಾರಿಬದಿಯ ವಸತಿಗೃಹಗಳು ಗಿರಾಕಿಗಳಿಲ್ಲದೆ ಸೊರಗಿದವು. ಅವುಗಳಿಗೆ ಮತ್ತೆ ಜೀವ ತುಂಬಿದವರು ಸೈಕಲ್ ಸವಾರರು. ಲಂಡನ್ನಿನಿಂದ ಸುಮಾರು 37 ಕಿ.ಮೀ. ದೂರದ ರಿಪ್ಲೆ ಹಳ್ಳಿಯ 'ಆ್ಯಂಕರ್' ವಸತಿಗೃಹ 1880ರ ದಶಕದಲ್ಲಿ ಅವರ ಯಾತ್ರಾಸ್ಥಳವೇ ಆಗಿತ್ತು. ವಾರದ ರಜೆ ಬಂತೆಂದರೆ ಕ್ಲಬ್ಬುಗಳ ಸದಸ್ಯರು ಅಲ್ಲಿಗೆ ಹೋಗಿ ದಣಿವಾರಿಸಿಕೊಳ್ಳುತ್ತಿದ್ದರು. ಹಾರ್ಬರ್ಟನ್‌ರನ್ನು ತಡೆದ ಆಕಮ್ ಇದರ ನೆರೆಯ ಹಳ್ಳಿ.

ಈ ಸವಾರಿಗಳಿಗೆ ವ್ಯವಸ್ಥೆಯ ರೂಪ ಕೊಟ್ಟದ್ದು 1878ರಲ್ಲಿ ಹ್ಯಾರೊಗೇಟ್‌ನಲ್ಲಿ ಹುಟ್ಟಿದ ಬೈಸಿಕಲ್ ಟೂರಿಂಗ್ ಕ್ಲಬ್. 1883ರಲ್ಲಿ ಅದು ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಆಯಿತು. ಊರೂರಿನಲ್ಲಿ ತನ್ನ ಪ್ರತಿನಿಧಿಗಳನ್ನು ನೇಮಿಸಿ ರಸ್ತೆ, ವಸತಿಗಳ ಮಾಹಿತಿ ಒದಗಿಸಿತು. ಹೋಟೆಲುಗಳೊಡನೆ ಒಪ್ಪಂದ ಮಾಡಿಕೊಂಡು ಸದಸ್ಯರಿಗೆ ನಿಗದಿತ ದರ ಗೊತ್ತುಮಾಡಿತು. ಅಂಥ ಹೋಟೆಲುಗಳ ಗೋಡೆಯ ಮೇಲೆ ರೆಕ್ಕೆಯುಳ್ಳ ಚಕ್ರದ ಎರಕದ ಕಬ್ಬಿಣದ ಫಲಕ ಕಾಣತೊಡಗಿತು.

ಸರ್ರೆಯ ಗುಡ್ಡಗಳು ಎತ್ತರವೇನಲ್ಲ. ಲೀತ್ ಹಿಲ್ 294 ಮೀಟರ್ ಅಷ್ಟೆ. ಆದರೆ ಮುಂದಿನ ಚಕ್ರ ಆಳೆತ್ತರವಿದ್ದ ಅಂದಿನ ಸೈಕಲ್ಲಿಗೆ ಇಳಿಜಾರೇ ಯಮ. ಬ್ರೇಕ್ ದುರ್ಬಲ, ಕಲ್ಲೊಂದು ಸಿಕ್ಕಿದರೆ ಸವಾರ ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದ. ಬಿದ್ದರೂ ಕಾಲೂರಿ ಬೀಳಲೆಂದು ಅನುಭವಿಗಳು ಇಳಿಜಾರಿನಲ್ಲಿ ಎರಡೂ ಕಾಲುಗಳನ್ನು ಹ್ಯಾಂಡಲ್ ಮೇಲೆ ಚಾಚುತ್ತಿದ್ದರು. ಅಪಾಯದ ಗುಡ್ಡಗಳಲ್ಲಿ ಸೈಕಲ್ ಸಂಘಟನೆಗಳೇ ಎಚ್ಚರಿಕೆಯ ಫಲಕ ನೆಟ್ಟವು. ರಸ್ತೆ ದುರಸ್ತಿಗೆ ಒತ್ತಾಯಿಸಲು 1886ರಲ್ಲಿ ರಸ್ತೆ ಸುಧಾರಣಾ ಸಂಘವನ್ನೂ ಕಟ್ಟಿದವು.

ಲಂಗದ ತೊಡಕು

1885ರಲ್ಲಿ ಎರಡೂ ಚಕ್ರಗಳು ಹೆಚ್ಚು ಕಡಿಮೆ ಸಮನಾಗಿದ್ದ 'ರೋವರ್' ಸೈಕಲ್, 1888ರಲ್ಲಿ ಡನ್‌ಲಪ್‌ರ ಗಾಳಿ ತುಂಬಿದ ಟೈರು ಬಂದವು. ಸವಾರಿ ಸುಲಭವಾಗಿ ಮಹಿಳೆಯರೂ ದೊಡ್ಡ ಸಂಖ್ಯೆಯಲ್ಲಿ ರಸ್ತೆಗಿಳಿದರು. ಕ್ಲಬ್ಬು 1880ರಿಂದಲೇ ಅವರಿಗೆ ಸದಸ್ಯತ್ವ ನೀಡಿತ್ತು. ಉಳಿದದ್ದು ಉಡುಪಿನ ಸಮಸ್ಯೆ. ಉದ್ದ ಲಂಗ ಸರಪಳಿಗೆ ಸಿಕ್ಕಿಕೊಳ್ಳುತ್ತಿತ್ತು. ಎದುರುಗಾಳಿಗೆ ಹಾಯಿಯಂತೆ ಉಬ್ಬುತ್ತಿತ್ತು.

ಹಾರ್ಬರ್ಟನ್ ಇದಕ್ಕೂ ಮೊದಲೇ, 1881ರಲ್ಲಿ, ವೈಚಾರಿಕ ಉಡುಪು ಸಂಘದ ಸ್ಥಾಪನೆಯ ಮುಂಚೂಣಿಯಲ್ಲಿದ್ದವರು. ಮಹಿಳೆಯರ ಒಳಉಡುಪಿನ ತೂಕ 7 ಪೌಂಡ್, ಅಂದರೆ ಸುಮಾರು 3.2 ಕಿಲೊ, ಮೀರಬಾರದು ಎಂಬುದು ಸಂಘದ ಒಂದು ಬೇಡಿಕೆ. ಇದೇ ಸುಧಾರಣೆಯಾದರೆ ಅಂದಿನ ಹೆಂಗಸರು ಹೊತ್ತು ತಿರುಗುತ್ತಿದ್ದ ಭಾರವೆಷ್ಟಿರಬಹುದು!

ತೀರ್ಪು ಮತ್ತು ಆ ನಂತರ

ಹಾರ್ಬರ್ಟನ್ ಪರವಾಗಿ ನಿಂತ ಕ್ಲಬ್ಬು ಮಾಲಕಿಯ ವಿರುದ್ಧ ಮೊಕದ್ದಮೆ ಹೂಡಿತು. 1899ರ ಏಪ್ರಿಲ್‌ನಲ್ಲಿ ಕಿಂಗ್‌ಸ್ಟನ್‌ನಲ್ಲಿ ವಿಚಾರಣೆ ನಡೆಯಿತು. ಪ್ರಯಾಣಿಕರಿಗೆ ಊಟ ನಿರಾಕರಿಸುವಂತಿಲ್ಲ ಎಂಬುದು ವಸತಿಗೃಹಗಳ ಮೇಲಿದ್ದ ಕಾನೂನು. ಆದರೆ ಮಾಲಕಿ ಊಟ ಇಲ್ಲವೆಂದಿರಲಿಲ್ಲ, ಕೋಣೆಯನ್ನಷ್ಟೇ ಬದಲಿಸಿದ್ದರು. ಜ್ಯೂರಿ ಆಕೆಯನ್ನು ನಿರ್ದೋಷಿ ಎಂದು ಬಿಟ್ಟಿತು. ಹಸಿದವರಿಗೆ ಅನ್ನ ಕೊಡಿಸಬಲ್ಲ ಕಾನೂನಿಗೆ ಅವರನ್ನು ಮರ್ಯಾದೆಯ ಪಂಕ್ತಿಯಲ್ಲಿ ಕೂರಿಸುವುದು ಸಾಧ್ಯವಾಗಲಿಲ್ಲ.

ಅದೇ 1899ರಲ್ಲಿ ಕ್ಲಬ್ಬಿನ ಸದಸ್ಯರ ಸಂಖ್ಯೆ 60 ಸಾವಿರ ಮುಟ್ಟಿತ್ತು. 2016ರಿಂದ ಸೈಕ್ಲಿಂಗ್ ಯುಕೆ ಎಂದು ಕರೆಸಿಕೊಳ್ಳುತ್ತಿರುವ ಸಂಸ್ಥೆ ಅದೇ. ನ್ಯಾಯಾಲಯ ಬಗೆಹರಿಸದ ಪ್ರಶ್ನೆಯನ್ನು ರಸ್ತೆ ನಿಧಾನವಾಗಿ ಬಗೆಹರಿಸಿತು. ಒಲಿಂಪಿಕ್ಸ್ ರಸ್ತೆ ಸೈಕ್ಲಿಂಗ್‌ನಲ್ಲಿ ಮಹಿಳೆಯರಿಗೆ ಅವಕಾಶ ಸಿಕ್ಕಿದ್ದು 1984ರಲ್ಲಿ. 2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳಾ ಸ್ಪರ್ಧಿಗಳು ರಿಪ್ಲೆ ಹಳ್ಳಿಯನ್ನು ಹಾದು, ಸರ್ರೆಯ ಬಾಕ್ಸ್ ಹಿಲ್ ಗುಡ್ಡವನ್ನು ಎರಡು ಸುತ್ತು ಹಾಕಿದರು. ನೆದರ್ಲೆಂಡ್ಸ್‌ನ ಮರಿಯಾನಾ ವೋಸ್ ಚಿನ್ನ ಗೆದ್ದರು. ಮಳೆಯಲ್ಲಿ ರಸ್ತೆಬದಿ ನಿಂತು ಚಪ್ಪಾಳೆ ತಟ್ಟಿದವರು ಯಾರೂ ಅವರ ಚಡ್ಡಿಯ ಉದ್ದ ಅಳೆಯಲಿಲ್ಲ.